ಓದುಗರ ಪ್ರಶ್ನೆ: ಹಳ್ಳದ ಮೇಲಿನ ಹಳೆಯ ಕಮಾನು ಸೇತುವೆ

ಮಳೆಗಾಲ ಮುಗಿದು ನೀರು ಇಳಿದಾಗಲೇ ಹಳೆಯ ಕಲ್ಲು ಸೇತುವೆಯ ಹೊಟ್ಟೆ, ಕಾಲು ಎರಡೂ ಕಣ್ಣಿಗೆ ಬೀಳುವುದು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳು ಅದರ ಸುತ್ತಲೇ ಇವೆ. ಉತ್ತರಗಳಲ್ಲಿ ಬರುವ ಕೆಲವು ಮಾತುಗಳನ್ನು ಮೊದಲೇ ಹೇಳಿಬಿಡುತ್ತೇವೆ. ಕಮಾನಿನ ಮೇಲ್ತುದಿ ನೆತ್ತಿ, ಕಮಾನು ಕಂಬದ ಮೇಲೆ ಕೂರುವ ಜಾಗ ಬುಡ, ಇವೆರಡರ ನಡುವಿನದು ಹೆಗಲು. ರಸ್ತೆಯ ಎರಡೂ ಬದಿಗೆ ಕಮಾನಿನ ಮೇಲೆ ಎದ್ದಿರುವುದು ಪಕ್ಕಗೋಡೆ. ಆ ಗೋಡೆಗಳ ನಡುವೆ, ರಸ್ತೆಯ ಕೆಳಗೆ ತುಂಬಿದ್ದು ಗರಸು.

ಪ್ರಶ್ನೆ: ನಮ್ಮೂರ ಹಳ್ಳಕ್ಕ ಮೂರು ಕಮಾನಿನ ಕಲ್ಲು ಸೇತುವೆ ಐತಿ. ಮಳೆ ನಿಂತು ವಾರ ಆದ್ರೂ ಕಮಾನಿನ ಒಳಗಿಂದ ನೀರು ತೊಟ್ಟಿಕ್ಕತೈತಿ, ಕಲ್ಲಿನ ಮ್ಯಾಲ ಬಿಳಿ ಗೆರಿ ಇಳದಾವು. ಸಂದಿಗೆಲ್ಲ ಸಿಮೆಂಟ್ ಹೊಡದು ಬಂದೋಬಸ್ತ್ ಮಾಡೋಣು ಅಂತ ಊರಾಗ ಮಾತು ನಡದೈತಿ. ಮಾಡಬಹುದೇನ್ರಿ?
(ಸಿಂಧನೂರು ತಾಲ್ಲೂಕಿನ ಓದುಗರು)

ಉತ್ತರ: ದಯವಿಟ್ಟು ಬೇಡ. ಆ ಬಿಳಿ ಗೆರೆ ನಿಮ್ಮ ಸೇತುವೆಯ ಸುಣ್ಣ. ಮಳೆನೀರು ರಸ್ತೆಯ ಬಿರುಕಿನಿಂದ ಗರಸಿಗೆ ಇಳಿಯುತ್ತದೆ, ಅಲ್ಲಿಂದ ಕಲ್ಲುಸಂದಿಗೆ ಬಂದು ಗಾರೆಯ ಸುಣ್ಣವನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ಗಾಳಿ ತಾಗಿದ ಕೂಡಲೇ ಅದು ಬಿಳಿಯ ಪದರವಾಗಿ ಗಟ್ಟಿಯಾಗುತ್ತದೆ. ಹೀಗೆ ವರ್ಷ ವರ್ಷ ಗಾರೆ ಖಾಲಿಯಾಗುತ್ತ ಹೋಗುತ್ತದೆ.

ನೀರು ಒಳಗೆ ಬರುವ ದಾರಿ ಮೇಲಿದೆ. ಕೆಳಗಿನ ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಿದರೆ ಬರುವ ನೀರು ನಿಲ್ಲುವುದಿಲ್ಲ, ಹೋಗುವ ನೀರು ಮಾತ್ರ ನಿಲ್ಲುತ್ತದೆ. ಸೇತುವೆಯ ಹೊಟ್ಟೆ ತೊಟ್ಟಿಯಾಗುತ್ತದೆ. ಗರಸಿನ ಜೊತೆ ಎರೆಮಣ್ಣು ಸೇರಿದ್ದರೆ, ನಿಮ್ಮ ಭಾಗದಲ್ಲಿ ಅದು ಸೇರಿರುವ ಸಂಭವವೇ ಹೆಚ್ಚು, ಅದು ನೆನೆದಾಗ ಉಬ್ಬಿ ಪಕ್ಕಗೋಡೆಯನ್ನು ಹೊರಕ್ಕೆ ದೂಡುತ್ತದೆ. ಒಣಗಿದಾಗ ಬಿರುಕು ಬಿಟ್ಟು ಮುಂದಿನ ಮಳೆಗೆ ದಾರಿ ಮಾಡಿಕೊಡುತ್ತದೆ. ಸಿಮೆಂಟ್ ಹೊಡೆದ ಮೊದಲ ಎರಡು ವರ್ಷ ಎಲ್ಲ ಚೆಂದ ಕಾಣುವುದರಿಂದಲೇ ಈ ತಪ್ಪು ಊರೂರಿಗೂ ಹಬ್ಬಿದೆ.

ಸಿಮೆಂಟ್ ಗಾರೆ ಕಲ್ಲಿನ ಅಂಚನ್ನೇ ಒಡೆಯುತ್ತದೆ ಎಂದು ಕೆಲವರು ಹೇಳುತ್ತಾರೆ. ಶಹಾಬಾದಿನ ಕಡೆಯ ಸುಣ್ಣಕಲ್ಲಿಗೆ ಆ ಮಾತು ಹೊಂದುತ್ತದೆ. ನಿಮ್ಮಲ್ಲಿರುವುದು ಗ್ರಾನೈಟ್, ಇಲ್ಲವೇ ಅದರ ಬಳಗದ ಗಟ್ಟಿ ಕಲ್ಲು. ಅದು ಸಿಮೆಂಟಿಗೆ ಜಗ್ಗುವುದಿಲ್ಲ. ಇಲ್ಲಿ ಹಾಳಾಗುವುದು ಸಿಮೆಂಟಿನ ಹಿಂದೆ ಸಿಕ್ಕಿಬಿದ್ದ ಹಳೆಯ ಗಾರೆ. ಸಿಮೆಂಟ್ ಒಣಗುವಾಗ ಕುಗ್ಗಿ ಕಲ್ಲಿನಿಂದ ಕೂದಲೆಳೆಯಷ್ಟು ಬಿಡುತ್ತದೆ. ಆ ಎಳೆಯಲ್ಲಿ ನೀರು ನಿಂತು ಒಳಗಿನ ಸುಣ್ಣ ಮೊಸರಿನಂತಾಗುತ್ತದೆ.

ಕೆಲಸ ಮೇಲಿನಿಂದ ಶುರುವಾಗಬೇಕು. ಮೊದಲು ಪಕ್ಕಗೋಡೆಯಲ್ಲಿ ನೀರು ಹೊರಹಾಕುವ ಕಲ್ಲಿನ ದೋಣಿ ಅಥವಾ ತೂತುಗಳನ್ನು ಹುಡುಕಿ. ಸಾಮಾನ್ಯವಾಗಿ ಅವು ಡಾಂಬರಿನ ಪದರಗಳ ಕೆಳಗೆ ಹೂತುಹೋಗಿರುತ್ತವೆ. ಪ್ರತಿ 5 ಸೆಂಟಿಮೀಟರ್ ಡಾಂಬರು ಚದರ ಮೀಟರಿಗೆ ಸುಮಾರು 115 ಕಿಲೋ ಭಾರ ಹೇರುತ್ತದೆ. ಅದರ ಜೊತೆಗೆ ರಸ್ತೆ ಎತ್ತರವಾಗಿ, ರಸ್ತೆಯಂಚಿನ ಮೋಟುಗೋಡೆ ಗಿಡ್ಡವಾಗಿ, ತೂತುಗಳು ಕುರುಡಾಗುತ್ತವೆ. ಹೊಸ ಪದರ ಹಾಕುವ ಮುನ್ನ ಹಳೆಯದನ್ನು ಕೆರೆದು ತೆಗೆಸಿ. ನಡುವಿನಿಂದ ಅಂಚಿಗೆ 40ಕ್ಕೆ 1ರ ಇಳಿಜಾರು ಕೊಟ್ಟು, ಅಂಚಿನ ನೀರು ಸೇತುವೆ ದಾಟಿದ ಮೇಲೆ ಹಳ್ಳಕ್ಕೆ ಇಳಿಯುವಂತೆ ಮಾಡಿ. ಒಂದು ಮಳೆಗಾಲ ಕಳೆಯಲಿ. ತೊಟ್ಟಿಕ್ಕುವುದು ಕಡಿಮೆಯಾದ ಮೇಲೆ ಒಳಗಿನ ಸಂದಿಗಳಿಗೆ ಸುಣ್ಣದ ಗಾರೆ ತುಂಬಿಸಿ.

ಗರಸನ್ನೇ ತೆಗೆದು ನೀರು ಇಳಿಯದ ಪದರ ಹಾಸುವ ದೊಡ್ಡ ಕೆಲಸಕ್ಕೆ ಕೈಹಾಕಿದರೆ ಒಂದು ಎಚ್ಚರ ಬೇಕೇಬೇಕು. ಕಮಾನಿನ ಆಕಾರ ನಿಂತಿರುವುದೇ ಎರಡೂ ಹೆಗಲ ಮೇಲಿನ ಭಾರದಿಂದ. ಜೆಸಿಬಿ ತಂದು ಒಂದು ಕಡೆಯಿಂದ ಅಗೆಯುತ್ತ ಹೋದರೆ ಭಾರವಿಲ್ಲದ ಹೆಗಲು ಮೇಲಕ್ಕೆದ್ದು ಕಮಾನು ಮಡಚಿ ಬೀಳಬಹುದು. ಎರಡೂ ಹೆಗಲಿನಿಂದ ಸಮವಾಗಿ, ಅರ್ಧ ಅಡಿ ಅರ್ಧ ಅಡಿಯಾಗಿ, ಕೈಯಿಂದಲೇ ತೆಗೆಯಬೇಕು. ಸಾಲು ಕಮಾನುಗಳಿದ್ದರೆ ಪಕ್ಕದ ಕಮಾನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಏಕೆಂದರೆ ನಡುಗಂಬವನ್ನು ಎರಡೂ ಕಡೆಯಿಂದ ಒತ್ತಿ ನಿಲ್ಲಿಸಿರುವುದು ಅವೇ.

ಪ್ರಶ್ನೆ: ಸುಣ್ಣದ ಗಾರೆ ಮಾಡಿ ಗೊತ್ತಿರುವ ಗೌಂಡಿಗಳು ನಮ್ಮ ಕಡೆ ಈಗ ಸಿಗುವುದಿಲ್ಲ. ಅಳತೆ ಸಮೇತ ತಿಳಿಸಿ.
(ಕುಷ್ಟಗಿ ತಾಲ್ಲೂಕಿನ ಓದುಗರು)

ಉತ್ತರ: ಗಾರೆ ನಿಮ್ಮ ಜಿಲ್ಲೆಗೆ ಹೊಸದಲ್ಲ. 1945ರಲ್ಲಿ ಕೆಲಸ ಶುರುವಾದ ತುಂಗಭದ್ರಾ ಅಣೆಕಟ್ಟನ್ನು ಕಲ್ಲಿನಿಂದ, ಸುಣ್ಣ-ಸುರ್ಕಿಯ ಗಾರೆಯಲ್ಲೇ ಕಟ್ಟಿದ್ದು. ಅದರ ಎಡದಂಡೆ ನಿಮ್ಮ ಮುನಿರಾಬಾದಿನಲ್ಲೇ ಇದೆ.

ಮೊದಲು ಸುಣ್ಣ. ಸುಟ್ಟ ಹರಳುಸುಣ್ಣ ತಾಜಾ ಇರಬೇಕು. ಗಾಳಿಗೆ ತಾನೇ ಪುಡಿಯಾಗಿ ಬಿದ್ದದ್ದು ಸತ್ತ ಸುಣ್ಣ, ಅದು ಬೇಡ. ಒಂದು ಕಿಲೋ ಹರಳಿಗೆ ಎರಡೂವರೆಯಿಂದ ಮೂರು ಲೀಟರ್ ನೀರು ಸಾಕು. ತೊಟ್ಟಿಯಲ್ಲಿ ಮೊದಲು ನೀರು ಇರಲಿ, ಆಮೇಲೆ ಹರಳನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಹರಳಿನ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೇ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ಅರಳಿದ್ದನ್ನು ಜರಡಿಯಾಡಿಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಇಡಿ. ಕನಿಷ್ಠ ಒಂದು ವಾರ ಇಡಬೇಕು, ತಿಂಗಳಿಟ್ಟರೆ ಬೆಣ್ಣೆಯಂತಾಗುತ್ತದೆ. ಸರಿಯಾಗಿ ಅರಳದ ಕಾಳು ಉಳಿದರೆ ಗೋಡೆಯೊಳಗೆ ಹೋದಮೇಲೆ ಅರಳಿ ಗಾರೆಯನ್ನು ಸಿಡಿಸುತ್ತದೆ.

ಬರೀ ಬಿಳಿ ಸುಣ್ಣ ಗಾಳಿಯಿಂದ ಮಾತ್ರ ಗಟ್ಟಿಯಾಗುತ್ತದೆ, ನೀರಿನ ಜಾಗಕ್ಕೆ ಆಗದು. ಅದಕ್ಕೇ ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಹದವಾಗಿ ಬೆಂದ ಮಣ್ಣಿನ ಇಟ್ಟಿಗೆಯದೇ ಆಗಬೇಕು. ಹೆಚ್ಚು ಬೆಂದು ಕಪ್ಪಾಗಿ ಗಾಜಿನಂತಾದ ಇಟ್ಟಿಗೆಯ ಪುಡಿ ಸುಣ್ಣದೊಂದಿಗೆ ಕೂಡುವುದಿಲ್ಲ, ಬರೀ ಮರಳಿನಂತೆ ಬಿದ್ದಿರುತ್ತದೆ. ಎರೆಹೊಲದಲ್ಲಿ ಸಿಗುವ ಸುಣ್ಣದ ಗಂಟುಕಲ್ಲನ್ನು ಸುಟ್ಟ ಸುಣ್ಣದಲ್ಲಿ ಮಣ್ಣಿನಂಶ ಇರುವುದರಿಂದ ಅದು ನೀರಿನಲ್ಲೂ ತಾನೇ ಬಿಗಿಯುತ್ತದೆ. ಅಂಥ ಸುಣ್ಣ ಸಿಕ್ಕರೆ ಬಿಡಬೇಡಿ. ಭಾರತೀಯ ಮಾನಕ 712 ಸುಣ್ಣವನ್ನು ಹೀಗೆ ನೀರಿನಲ್ಲಿ ಬಿಗಿಯುವ ಗುಣದ ಮೇಲೆಯೇ ಎ, ಬಿ, ಸಿ ಎಂದು ವಿಂಗಡಿಸುತ್ತದೆ. ಸಿ ಎಂದರೆ ಬರೀ ಬಿಳಿ ಸುಣ್ಣ.

ಅಳತೆ: ಅರಳಿದ ಸುಣ್ಣ 1 ಪಾಲು, ಸುರ್ಕಿ 1 ಪಾಲು, ತೊಳೆದ ಒರಟು ಮರಳು 1 ಪಾಲು. ಗಾಣದಲ್ಲಿ ಅರೆದರೆ ಉತ್ತಮ. ಗಾಣವಿಲ್ಲದಿದ್ದರೆ ಗ್ರೈಂಡರ್ ಮಾದರಿಯ ಗಾರೆ ಮಿಲ್ಲು ಆದೀತು. ಕಾಂಕ್ರೀಟ್ ಮಿಕ್ಸರಿನಲ್ಲಿ ಬರೀ ಕಲಸುತ್ತದೆ, ಅರೆಯುವುದಿಲ್ಲ. ಬೆಲ್ಲದ ನೀರು ಹಾಕುವ ರೂಢಿ ಇದೆ, ಆದರೆ ಬೆಲ್ಲ ಹೆಚ್ಚಾದರೆ ಗಾರೆ ಬಿಗಿಯುವುದೇ ತಡವಾಗುತ್ತದೆ.

ಸಂದಿಯ ಅಗಲದ ಎರಡರಷ್ಟು ಆಳಕ್ಕೆ ಹಳೆಯ ಗಾರೆಯನ್ನು ಕೈ ಉಳಿಯಿಂದ ಕೆರೆದು ತೆಗೆಯಿರಿ. ಕಟರ್ ಮಷಿನ್ ಹಿಡಿದರೆ ಕಲ್ಲಿನ ಅಂಚು ಹೋಗುತ್ತದೆ. ಹಿಂದಿನ ಸಂಜೆಯೂ ಅಂದಿನ ಬೆಳಿಗ್ಗೆಯೂ ನೀರು ಹೊಡೆದು ನೆನೆಸಿ, ಗಾರೆಯನ್ನು ಒಳಗಿನಿಂದ ಪದರ ಪದರವಾಗಿ ಒತ್ತಿ. ಮೇಲೆ ಸವರಿದರೆ ಉಪಯೋಗವಿಲ್ಲ. 20 ಮಿಲಿಮೀಟರ್ ಅಗಲ, 40 ಮಿಲಿಮೀಟರ್ ಆಳದ ಸಂದಿಗೆ ಮೀಟರಿಗೆ 0.8 ಲೀಟರ್ ಗಾರೆ ಹಿಡಿಯುತ್ತದೆ. ಒಂದಡಿ ಎತ್ತರ, ಒಂದೂವರೆ ಅಡಿ ಉದ್ದದ ಕಲ್ಲಾದರೆ ಒಂದು ಚದರ ಮೀಟರಿನಲ್ಲಿ ಐದೂವರೆ ಮೀಟರ್ ಸಂದಿ ಬರುತ್ತದೆ. ನೆಲಕ್ಕೆ ಬೀಳುವುದೂ ಸೇರಿ ಚದರ ಮೀಟರಿಗೆ 5 ಲೀಟರ್ ಲೆಕ್ಕ ಹಿಡಿಯಿರಿ. ಒದ್ದೆ ಗೋಣಿಚೀಲ ಹೊದಿಸಿ ಎರಡು ವಾರ ಹಸಿ ಆರದಂತೆ ನೋಡಿಕೊಳ್ಳಿ. ನವೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಿಬಿಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಗಾರೆ ಬಿಗಿಯುವ ಮೊದಲೇ ಒಣಗಿ ಪುಡಿಯಾಗುತ್ತದೆ.

ಪ್ರಶ್ನೆ: ಹಂಪಿಯ ಹೊಳೆಯಲ್ಲಿ ನಿಂತಿರುವ ಹಳೆಯ ಸೇತುವೆಯ ಕಂಬಗಳ ಮೇಲೂ ಕಮಾನು ಇತ್ತೇ? ಕಮಾನಿನ ನೆತ್ತಿಯ ಬೀಗಗಲ್ಲೇ ಇಡೀ ಭಾರ ಹೊರುತ್ತದೆ ಎನ್ನುವುದು ನಿಜವೇ?
(ಗಂಗಾವತಿಯ ವಿದ್ಯಾರ್ಥಿನಿ)

ಉತ್ತರ: ಇರಲಿಲ್ಲಮ್ಮ. ವಿಜಯ ವಿಠ್ಠಲ ದೇವಸ್ಥಾನದ ಹತ್ತಿರ ತುಂಗಭದ್ರೆಯಲ್ಲಿ ಕಾಣುವುದು ಗ್ರಾನೈಟ್ ಕಂಬ ನೆಟ್ಟು ಮೇಲೆ ಅಡ್ಡತೊಲೆ ಹೇರಿದ ಸೇತುವೆ. ದೇವಸ್ಥಾನದ ಮಂಟಪವನ್ನು ಕಟ್ಟುವ ರೀತಿಯನ್ನೇ ಹೊಳೆಗೆ ಇಳಿಸಿದ್ದಾರೆ. ವಿಜಯನಗರದವರಿಗೆ ಕಮಾನು ಗೊತ್ತಿತ್ತು, ಕಮಲ ಮಹಲು ಮತ್ತು ಆನೆಲಾಯದಲ್ಲಿ ನೋಡಬಹುದು. ಹೊಳೆಗೆ ಮಾತ್ರ ಕಂಬ-ತೊಲೆಯನ್ನೇ ಆರಿಸಿಕೊಂಡರು. ಕಲ್ಲಿನ ತೊಲೆ ಬಾಗಿದಾಗ ಅದರ ಕೆಳಮೈ ಎಳೆತಕ್ಕೆ ಸಿಗುತ್ತದೆ. ಕಲ್ಲಿಗೆ ಒತ್ತಡ ತಾಳುವ ಶಕ್ತಿ ಬಹಳ, ಎಳೆತ ತಾಳುವ ಶಕ್ತಿ ಅದರ ಒಂದು ಸಣ್ಣ ಪಾಲು ಮಾತ್ರ. ಅದಕ್ಕೇ ಅಲ್ಲಿ ಕಂಬಗಳು ಒತ್ತೊತ್ತಾಗಿವೆ. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುವುದರಿಂದ 20–30 ಅಡಿ ಅಂತರವನ್ನು ಸಣ್ಣ ಕಲ್ಲುಗಳಿಂದಲೇ ದಾಟಬಹುದು.

ಬೀಗಗಲ್ಲು ಉಳಿದ ಕಲ್ಲುಗಳಂತೆಯೇ ಒಂದು ಕಲ್ಲು. ಕಟ್ಟುವಾಗ ಕೊನೆಗೆ ಕೂರುವುದರಿಂದ ಅದಕ್ಕೆ ಆ ಹೆಸರು. ಅದು ಕೂತ ಮೇಲೆಯೇ ಕೆಳಗಿನ ಮರದ ಸೆಂಟ್ರಿಂಗ್ ಇಳಿಸಬಹುದು. ಆದರೆ ಬುಡದ ಕಲ್ಲು ಹೋದರೂ ಕಮಾನು ಬೀಳುತ್ತದೆ, ನೆತ್ತಿಯ ಕಲ್ಲು ಹೋದರೂ ಬೀಳುತ್ತದೆ.

ಪ್ರಶ್ನೆ: ಕಮಾನಿನ ಒಳಮೈಯಲ್ಲಿ ಎರಡು ಮೂರು ಬಿರುಕು ಕಾಣುತ್ತಿವೆ. ಯಾವುದಕ್ಕೆ ಹೆದರಬೇಕು, ಯಾವುದನ್ನು ಬಿಡಬಹುದು?
(ಕೊಪ್ಪಳದ ಓದುಗರು)

ಉತ್ತರ: ಅಗಲಕ್ಕಿಂತ ಮೊದಲು ದಿಕ್ಕು ನೋಡಿ. ಪಕ್ಕಗೋಡೆಯ ಒಳಅಂಚಿನ ನೇರಕ್ಕೆ, ರಸ್ತೆಯ ಉದ್ದಕ್ಕೆ ಸಾಗುವ ಬಿರುಕಾದರೆ ನೆನೆದ ಗರಸು ಗೋಡೆಯನ್ನು ಹೊರಕ್ಕೆ ದೂಡುತ್ತಿದೆ ಎಂದರ್ಥ. ಮೇಲೆ ಹೋಗಿ ಮೋಟುಗೋಡೆಗೆ ತೂಗುಗುಂಡು ಹಿಡಿದರೆ ಹೊಟ್ಟೆ ಬಂದಿರುವುದು ತಿಳಿಯುತ್ತದೆ. ಔಷಧ ಮೊದಲ ಉತ್ತರದಲ್ಲಿ ಹೇಳಿದ್ದೇ, ನೀರು ತೆಗೆಯುವುದು. ಅದೇ ಉದ್ದ ಬಿರುಕು ಕಮಾನಿನ ನಡುವೆ ಇದ್ದು 3 ಮಿಲಿಮೀಟರಿಗಿಂತ ಅಗಲವಾಗಿದ್ದರೆ, ಕಂಬದ ಒಂದು ಬದಿ ಕುಸಿದು ಕಮಾನು ಎರಡು ಪಟ್ಟಿಯಾಗಿ ಬೇರೆಬೇರೆಯಾಗಿ ದುಡಿಯುತ್ತಿದೆ. ಅದು ಇಂಜಿನಿಯರಿಗೆ ತೋರಿಸಬೇಕಾದ ಬಿರುಕು. ರಸ್ತೆಗೆ ಅಡ್ಡಲಾಗಿ ಬಂದ ಬಿರುಕು ಕಮಾನಿನ ಆಕಾರ ಬದಲಾದುದರ ಗುರುತು. ಕಮಾನಿನ ತುದಿ ಕೂರುವ ದಡದ ಕಟ್ಟೆ ಹಿಂದೆ ಸರಿದರೆ ನೆತ್ತಿಯಲ್ಲಿ ಕೆಳಮೈ ಬಾಯಿಬಿಡುತ್ತದೆ, ಹೆಗಲ ಕಡೆ ಮೇಲ್ಮೈ ಬಾಯಿಬಿಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಓರೆ ಬಿರುಕು. ಬುಡದ ಮೂಲೆಯಿಂದ ಹೊರಟು ನೆತ್ತಿಯ ನಡುವಿಗೆ ಏರುವುದು ಅದು. ಕಂಡ ದಿನವೇ ದೊಡ್ಡ ಗಾಡಿಗಳನ್ನು ನಿಲ್ಲಿಸುವಂತೆ ಲಿಖಿತವಾಗಿ ಕೇಳಿ.

ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ನೋಡಲು ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುವುದುಂಟು. ಗಾಜು ಒಡೆದರೆ ಚಲನೆ ಇದೆ ಎಂದಷ್ಟೇ ಗೊತ್ತಾಗುತ್ತದೆ, ಎಷ್ಟು ಎಂದು ಗೊತ್ತಾಗುವುದಿಲ್ಲ. ಅದರ ಬದಲು ಬಿರುಕಿನ ಎರಡೂ ಬದಿಗೆ ಒಂದೊಂದು ಹಿತ್ತಾಳೆ ಮೊಳೆ ಕೂರಿಸಿ, ಅವುಗಳ ನಡುವಿನ ದೂರವನ್ನು ವರ್ನಿಯರ್ ಕ್ಯಾಲಿಪರಿನಿಂದ ತಿಂಗಳಿಗೊಮ್ಮೆ ಅಳೆದು ತಾರೀಖು ಸಹಿತ ಬರೆದಿಡಿ. ಯಾವಾಗಲೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆಯಿರಿ, ಬಿಸಿಲೇರಿದಂತೆ ಕಲ್ಲು ಹಿಗ್ಗಿ ಅಳತೆ ಬದಲಾಗುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲದ ಅಂಕಿ ಕೈಯಲ್ಲಿದ್ದರೆ ಯಾವ ಕಚೇರಿಯಲ್ಲೂ ನಿಮ್ಮ ಮಾತಿಗೆ ತೂಕ ಬರುತ್ತದೆ.

ಪ್ರಶ್ನೆ: ಭತ್ತದ ಲೋಡಿನ ಟ್ರ್ಯಾಕ್ಟರ್, ಮರಳಿನ ಟಿಪ್ಪರ್ ಎಲ್ಲ ನಮ್ಮ ಹಳೆ ಸೇತುವೆ ಮೇಲೇ ಹೋಗುತ್ತವೆ. ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕುವುದು ಹೇಗೆ?
(ಮಾನ್ವಿ ತಾಲ್ಲೂಕಿನ ಓದುಗರು)

ಉತ್ತರ: ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯ ಇಂಜಿನಿಯರುಗಳು ಟ್ಯಾಂಕು ದಾಟಿಸಬಹುದೇ ಎಂದು ಬೇಗ ತೀರ್ಮಾನಿಸಲು ಹುಟ್ಟಿಸಿದ ಒಂದು ಲೆಕ್ಕವಿದೆ. ಅದಕ್ಕೆ ಮೆಕ್ಸಿ ವಿಧಾನ ಎನ್ನುತ್ತಾರೆ. ನೆತ್ತಿಯಲ್ಲಿ ಕಮಾನುಗಲ್ಲಿನ ದಪ್ಪ, ಅದರ ಮೇಲೆ ರಸ್ತೆಯವರೆಗಿನ ತುಂಬು, ಎರಡನ್ನೂ ಮೀಟರಿನಲ್ಲಿ ಕೂಡಿಸಿ ವರ್ಗ ಮಾಡಿ 740ರಿಂದ ಗುಣಿಸಿ. ಬಂದದ್ದನ್ನು ಕಮಾನಿನ ಅಂತರದ 1.3ನೇ ಘಾತದಿಂದ ಭಾಗಿಸಿದರೆ ಶುರುವಿನ ಆಕ್ಸೆಲ್ ಭಾರ ಟನ್ನಿನಲ್ಲಿ ಸಿಗುತ್ತದೆ. 18 ಮೀಟರಿಗಿಂತ ಹೆಚ್ಚು ಅಂತರದ ಕಮಾನಿಗೆ ಇದು ಹೊಂದದು.

6 ಮೀಟರ್ ಅಂತರ, 0.45 ಮೀಟರ್ ಕಲ್ಲು, 0.45 ಮೀಟರ್ ತುಂಬು ಎಂದುಕೊಳ್ಳಿ. 0.9ರ ವರ್ಗ 0.81, ಅದಕ್ಕೆ 740 ಗುಣಿಸಿದರೆ 599. 6ರ 1.3ನೇ ಘಾತ ಸುಮಾರು 10.3. ಭಾಗಿಸಿದರೆ 58 ಟನ್. ಈಗ ಕಡಿತ, ಅಂದರೆ 1ಕ್ಕಿಂತ ಕಡಿಮೆಯ ಅಂಕಿಯಿಂದ ಗುಣಿಸುವುದು. ಅಂತರವು ಎತ್ತರದ ನಾಲ್ಕು ಪಟ್ಟಿಗಿಂತ ಹೆಚ್ಚಿದ್ದರೆ, ಅಂದರೆ ಕಮಾನು ಚಪ್ಪಟೆಯಾಗಿದ್ದರೆ ಒಂದು ಕಡಿತ. ಕಲ್ಲು ಮತ್ತು ಸಂದಿಯ ಗುಣಕ್ಕೆ ಮತ್ತೊಂದು, ಒಟ್ಟು ಸ್ಥಿತಿಗೆ ಇನ್ನೊಂದು. ಕಮಾನು ಚಪ್ಪಟೆಯಲ್ಲದೆ ಕಲ್ಲೂ ಚೆನ್ನಾಗಿದ್ದು, ಸಂದಿಗೆ 0.8, ಸ್ಥಿತಿಗೆ 0.5 ಕೊಟ್ಟರೆ 58 ಇಳಿದು 23 ಆಗುತ್ತದೆ. ಸ್ಥಿತಿಯ ಅಂಕಿ 0.4ಕ್ಕಿಂತ ಕೆಳಗಿದ್ದರೆ ಲೆಕ್ಕ ಬಿಟ್ಟು ದುರಸ್ತಿಗೆ ಇಳಿಯಬೇಕು.

ಮೂರು ಆಕ್ಸೆಲ್ಲಿನ ಟಿಪ್ಪರಿಗೆ ಕಾನೂನು ಒಪ್ಪುವ ಒಟ್ಟು ಭಾರ 28.5 ಟನ್, ಹಿಂದಿನ ಜೋಡಿ ಆಕ್ಸೆಲ್ಲಿಗೆ 21 ಟನ್. ಅಂದರೆ ಆರೋಗ್ಯವಾಗಿರುವ ಕಮಾನು ಇದನ್ನು ಹೊತ್ತೀತು. ಭಾರದಿಂದಲೇ ಸೇತುವೆ ಬೀಳುತ್ತದೆಂಬ ನಂಬಿಕೆಯನ್ನು ನಾವು ಪೂರ್ತಿ ಒಪ್ಪುವುದಿಲ್ಲ. ನೀರು ತಿಂದು ಟೊಳ್ಳಾದ ಕಮಾನಿನ ಮೇಲೆ ಕೊನೆಗೆ ಹತ್ತಿದ ಗಾಡಿಯ ಮೇಲೆ ತಪ್ಪು ಬೀಳುತ್ತದೆ. ಆದರೂ ಈ ಲೆಕ್ಕ ಕಮಾನಿಗೆ ಮಾತ್ರ, ಪಕ್ಕಗೋಡೆ, ಕಂಬ, ಅಡಿಪಾಯದ ಬಗ್ಗೆ ಅದು ಏನೂ ಹೇಳುವುದಿಲ್ಲ. ಇನ್ನೊಂದು ಮೋಸ, ಹೊರಗೆ ಕಾಣುವ ಕಮಾನುಗಲ್ಲು ದಪ್ಪವಾಗಿದ್ದು ಒಳಗಿನವು ತೆಳ್ಳಗಿರುತ್ತವೆ. ರಸ್ತೆಯಿಂದ ನೆತ್ತಿಗೆ ಸಣ್ಣ ತೂತು ಕೊರೆದು ಅಳೆಯದೆ ದಪ್ಪವನ್ನು ನಂಬಬಾರದು. ವರ್ಗವಾಗುವ ಅಂಕಿಯಾದ್ದರಿಂದ ಅಲ್ಲಿನ ಸಣ್ಣ ತಪ್ಪು ಉತ್ತರದಲ್ಲಿ ದೊಡ್ಡದಾಗುತ್ತದೆ. ಭಾರದ ಬೋರ್ಡು ಹಾಕುವ ಅಧಿಕಾರ ರಸ್ತೆ ಯಾರದೋ ಆ ಇಲಾಖೆಯದು. ಅವರು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 37 ಮಾರ್ಗಸೂಚಿಯಂತೆ ಪರೀಕ್ಷಿಸಬೇಕೆಂದು ಅರ್ಜಿಯಲ್ಲಿ ಹೆಸರು ಹಿಡಿದೇ ಬರೆಯಿರಿ.

ಪ್ರಶ್ನೆ: ಹಗರಿ ಹೊಳೆಯ ಮರಳಿನಲ್ಲಿ ಕಂಬದ ಬುಡಕ್ಕೆ ಗುಂಡಿ ಬಿದ್ದಿತ್ತು. ಈಗ ತಾನೇ ತುಂಬಿಕೊಂಡಿದೆ. ಭಯವಿಲ್ಲವಲ್ಲ?
(ಸಿರುಗುಪ್ಪ ತಾಲ್ಲೂಕಿನ ಓದುಗರು)

ಉತ್ತರ: ಭಯ ಇದೆ. ಮಹಾಪೂರದ ವೇಗಕ್ಕೆ ಕಂಬದ ಮೂತಿಯಲ್ಲಿ ನೀರು ಕೆಳಕ್ಕೆ ಧುಮುಕಿ ಸುಳಿಯಾಗಿ ಮರಳನ್ನು ಎತ್ತಿ ಒಯ್ಯುತ್ತದೆ. ನೀರು ಇಳಿಯುವಾಗ ಅದೇ ಗುಂಡಿಗೆ ಸಡಿಲ ಮರಳು ಬಂದು ಕೂರುತ್ತದೆ. ನೋಡಲು ನೆಲ ಸಮ, ಆದರೆ ಆ ಮರಳು ಕಂಬವನ್ನು ಹಿಡಿದಿಲ್ಲ. ಎರಡು ಮೀಟರಿನ ಕಬ್ಬಿಣದ ಸಲಾಕೆಯನ್ನು ಕಂಬದ ಸುತ್ತ ಪ್ರತಿ ಅರ್ಧ ಮೀಟರಿಗೆ ಚುಚ್ಚಿ ನೋಡಿ. ಕೈಬಲಕ್ಕೇ ಸರಾಗ ಇಳಿಯುವಷ್ಟು ಆಳ ಹಳೆಯ ಗುಂಡಿ. ಸುತ್ತಲಿನ ಗಟ್ಟಿ ನೆಲದಲ್ಲಿ ಸಲಾಕೆ ಅಷ್ಟು ಇಳಿಯದು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕಿತ್ತುಹೋದಾಗ ನದಿಗೆ ಬಂದಂಥ ನೀರಿನ ಬಳಿಕ ಕೆಳಗಿನ ಪ್ರತಿ ಹಳೆಯ ಕಂಬಕ್ಕೂ ಈ ಪರೀಕ್ಷೆ ಆಗಬೇಕು.

ಮರಳು ಹೊಳೆಯ ಹಳೆಯ ಸೇತುವೆಗಳ ಅಡಿಪಾಯ ಆಳವಿರುವುದಿಲ್ಲ. ಅವನ್ನು ಕಾಯುವುದು ಕಮಾನುಗಳ ಕೆಳಗಿನ ಕಲ್ಲುಹಾಸು ಮತ್ತು ಅದರ ಅಂಚಿನಲ್ಲಿ ನೆಲದೊಳಗೆ ಇಳಿಸಿದ ತಡೆಗೋಡೆ. ಹಾಳು ಯಾವಾಗಲೂ ಕೆಳಹರಿವಿನ ಅಂಚಿನಿಂದ ಶುರು. ಅಲ್ಲಿ ಒಂದು ಕಲ್ಲು ಕಿತ್ತರೆ ಹಿಂದಿನದು, ಅದರ ಹಿಂದಿನದು ಹೀಗೆ ಕಂಬದವರೆಗೆ ಬರುತ್ತದೆ. ಆದ್ದರಿಂದ ದುರಸ್ತಿಯೂ ಅಲ್ಲಿಂದಲೇ. ರೂಢಿಯ ಅಳತೆ ಹೀಗಿದೆ: ಮೇಲ್ಹರಿವಿನ ತಡೆಗೋಡೆ 2 ಮೀಟರ್ ಆಳ, ಕೆಳಹರಿವಿನದು 2.5 ಮೀಟರ್. ಅವುಗಳಾಚೆ ಬಿಡಿಗಲ್ಲಿನ ಹಾಸು 1 ಮೀಟರ್ ದಪ್ಪ, ಮೇಲೆ 3 ಮೀಟರ್, ಕೆಳಗೆ 6 ಮೀಟರ್ ಉದ್ದ. ಒಂದೊಂದು ಕಲ್ಲೂ 40 ಕಿಲೋಗಿಂತ ಕಡಿಮೆ ಇರಕೂಡದು. ಗುಂಡಿಗೆ ಲಾರಿಗಟ್ಟಲೆ ಕಾಂಕ್ರೀಟ್ ಸುರಿದು ಕಂಬವನ್ನು ದಪ್ಪ ಮಾಡಬೇಡಿ. ನೀರಿನ ದಾರಿ ಕಿರಿದಾಗಿ ಸುಳಿ ಇನ್ನೂ ಜೋರಾಗಿ ಪಕ್ಕದ ಕಂಬವನ್ನು ಹಿಡಿಯುತ್ತದೆ. ಕಂಬದ ಅಡಿಗೇ ಟೊಳ್ಳು ಬಿದ್ದಿದ್ದರೆ ಒಂದು ಮೀಟರ್ ಬಿಚ್ಚಿ, ಕಟ್ಟಿ, ಗಟ್ಟಿಯಾದ ಮೇಲೆ, ಒಂದು ತುಂಡು ಬಿಟ್ಟು ಮುಂದಿನದನ್ನು ಬಿಚ್ಚಬೇಕು. ಅಕ್ಕಪಕ್ಕದ ಎರಡು ತುಂಡು ಒಟ್ಟಿಗೆ ಬಿಚ್ಚುವಂತಿಲ್ಲ. ಸೇತುವೆಯ ಹತ್ತಿರ ಮರಳು ತೆಗೆಯುವುದನ್ನು ನಿಲ್ಲಿಸದಿದ್ದರೆ ಇದೆಲ್ಲ ವ್ಯರ್ಥ. ತಳವೇ ಇಳಿದುಹೋದರೆ ಯಾವ ಹಾಸೂ ನಿಲ್ಲದು.

ಪ್ರಶ್ನೆ: ನಮ್ಮೂರ ಸೇತುವೆಯ ಕಾಲ ಗೊತ್ತುಮಾಡುವುದು ಹೇಗೆ?
(ಬಳ್ಳಾರಿಯ ಶಿಕ್ಷಕರು)

ಉತ್ತರ: ಬಳ್ಳಾರಿ 1800ರಲ್ಲಿ ಕಂಪನಿಯ ಕೈಸೇರಿ, 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿನವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ದೇವಸೂಗೂರಿನ ಕೃಷ್ಣಾ ಸೇತುವೆ ನಿಜಾಮರ ಆಳ್ವಿಕೆಯದೇ. ಹಾಗಾಗಿ ನಿಮ್ಮ ಸೇತುವೆಯ ಕಡತ ಹುಡುಕಬೇಕಾದದ್ದು ಚೆನ್ನೈನ ದಾಖಲೆಗಾರದಲ್ಲಿ, ಪಕ್ಕದ ಜಿಲ್ಲೆಯವರಿಗಾದರೆ ಹೈದರಾಬಾದಿನಲ್ಲಿ. ಸೇತುವೆಯ ಮೇಲೂ ಸುಳಿವು ಇರುತ್ತದೆ. ಕಮಾನಿನ ಅಂತರ 10, 15, 20 ಅಡಿ ಹೀಗೆ ಇಡಿ ಅಡಿಯಲ್ಲಿ ಬಂದರೆ ಅದು ಅಡಿ-ಅಂಗುಲದ ನಕ್ಷೆಯ ಕೆಲಸ. ಕಲ್ಲಿನ ಅಂಚಿನಲ್ಲಿ ಸಾಲಾಗಿ ಚೌಕ ಗುಳಿಗಳಿದ್ದರೆ ಅದು ಹಂಪಿಯ ಬಂಡೆಗಳಲ್ಲಿ ಕಾಣುವ ಹಾಗೆ ಬೆಣೆ ಬಡಿದು ಸೀಳಿದ್ದು. ಹಳೆಯ ಕಟ್ಟಡದ ಕಲ್ಲನ್ನು ತಂದು ಸೇತುವೆಗೆ ಹಾಕಿರುವುದೂ ಉಂಟು, ಆದ್ದರಿಂದ ಒಂದೇ ಕಲ್ಲು ನೋಡಿ ಕಾಲ ಹೇಳಬೇಡಿ.

ಪ್ರಶ್ನೆ: ಪಕ್ಕಗೋಡೆಯಲ್ಲಿ ಅರಳಿ ಗಿಡ ಬೆಳೆದಿದೆ. ಎಳೆದು ಕೀಳಬಹುದೇ?
(ಲಿಂಗಸುಗೂರಿನ ಓದುಗರು)

ಉತ್ತರ: ಬೆರಳು ಗಾತ್ರದ್ದನ್ನು ಕೀಳಬಹುದು. ಅದಕ್ಕಿಂತ ದಪ್ಪವಾದರೆ ಬೇರಿನ ಜೊತೆ ಕಲ್ಲೂ ಬರುತ್ತದೆ. ಕಾಂಡವನ್ನು ಗೋಡೆಗೆ ಸಮವಾಗಿ ಕೊಯ್ದು, ಕೊಯ್ದ ಗಳಿಗೆಯಲ್ಲೇ ಮೋಟಿಗೆ ಸಣ್ಣ ತೂತು ಕೊರೆದು ಗ್ಲೈಫೋಸೇಟ್ ಕಳೆನಾಶಕವನ್ನು ಬ್ರಷ್‌ನಿಂದ ಹಚ್ಚಿ. ಒಂದು ಗಂಟೆ ತಡವಾದರೂ ಗಾಯ ಮುಚ್ಚಿಕೊಂಡು ಔಷಧ ಒಳಗೆ ಹೋಗದು. ಕೆಳಗೆ ದನಕರು ಕುಡಿಯುವ ನೀರಿರುವುದರಿಂದ ಸಿಂಪಡಿಸಬೇಡಿ. ಬೇರು ಪೂರ್ತಿ ಸತ್ತು ಒಣಗಿದ ಮೇಲೆ ಅದು ಬಿಟ್ಟ ಪೊಳ್ಳಿಗೆ ಗಾರೆ ತುಂಬಿಸಿ. ಮುಂದಿನ ಮಳೆಗೆ ಚಿಗುರು ಕಂಡರೆ ಅದು ಬೆರಳು ಗಾತ್ರ ಆಗುವ ಮೊದಲೇ ಕಿತ್ತುಹಾಕಿ.